ಮರಳಿನ ಏಣು

ಮರುಭೂಮಿಯನ್ನು ಕನ್ನಡಿಗರು ಮರಳುಗಾಡೆಂದು ಕರೆದರು. ಮರವಿಲ್ಲದ, ನೆರಳಿಲ್ಲದ ನೆಲಕ್ಕೆ ಕಾಡೆಂಬ ಹೆಸರು ಹೇಗೆ ಹೊಂದುತ್ತದೆಂದು ತರಗತಿಯಲ್ಲಿ ವಿದ್ಯಾರ್ಥಿಗಳು ಕೇಳುವುದುಂಟು. ಸುಡುಗಾಡಿನಲ್ಲಿಯೂ ಮರಗಳಿರಬೇಕೆಂಬ ನಿಯಮವಿಲ್ಲವಷ್ಟೆ. ಊರಲ್ಲದ್ದು, ಉಳದೆ ಬಿತ್ತದೆ ಉಳಿದದ್ದು, ಹೊಕ್ಕವನು ದಾರಿ ತಪ್ಪುವಂಥದು ಎಲ್ಲವೂ ಕಾಡೇ ಎಂದು ಉತ್ತರ ಹೇಳಿ ಮುಂದೆ ಸಾಗುತ್ತೇನೆ. ಆ ನೆಲದ ಮೇಲೆ ತೋರುವ ನೀರಿನ ಭ್ರಮೆಯನ್ನು ಸಂಸ್ಕೃತದವರು ಜಿಂಕೆಯ ಬಾಯಾರಿಕೆಯಿಂದ ಹೆಸರಿಸಿ ಮೃಗತೃಷ್ಣೆ ಎಂದರು; ನಮ್ಮವರು ಬಿಸಿಲ್ಗುದುರೆ ಎಂದರು. ದೊಡ್ಡ ಮರುಭೂಮಿಯೊಂದೂ ಇಲ್ಲದ ನಾಡಿನಲ್ಲಿ ಇಂಥ ಮಾತು ಹೇಗೆ ಹುಟ್ಟಿತೋ! ಬೇಸಗೆಯ ಎರೆಹೊಲದ ಮೇಲೆ ನಡುಗುವ ಗಾಳಿಯನ್ನು ದೂರದಿಂದ ಕಂಡವನಾರೋ ಮೊದಲು ಆಡಿದ್ದಿರಬೇಕು.

ಆದರೆ ನಾನು ಹೇಳಹೊರಟಿರುವುದು ನಿಘಂಟಿನ ಮರಳುಗಾಡನ್ನು ಕುರಿತಲ್ಲ. ೨೦೨೪ರ ದಸರೆಯ ರಜೆಯಲ್ಲಿ ಎಪ್ಪತ್ತಾರು ವರ್ಷದ ನಮ್ಮ ತಂದೆಯವರು ನನ್ನ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಥಾರ್ ಮರುಭೂಮಿಯ ಮರಳುದಿಣ್ಣೆಗಳ ಛಾಯಾಚಿತ್ರ ತೆಗೆಯಲು ಹೊರಟರು. ನಾನು ಸಾಮಾನು ಹೊರುವವನಾಗಿ ಜೊತೆಗೆ ಹೋದೆ. ಹೊರುವವನಿಗೆ ನೋಡುವುದಕ್ಕೆ ಬಿಡುವು ಹೆಚ್ಚು.

ಮರಳುದಿಣ್ಣೆಯೆಂದರೆ ಛಾಯಾಗ್ರಾಹಕರಿಗೆ ಏಕೆ ಅಷ್ಟು ಮೋಹವೆಂಬುದನ್ನು ಮೊದಲು ಹೇಳಬೇಕು. ಅಮೆರಿಕದ ಎಡ್ವರ್ಡ್ ವೆಸ್ಟನ್ ೧೯೩೬ರಲ್ಲಿ ಕ್ಯಾಲಿಫೋರ್ನಿಯದ ಕಡಲತಡಿಯ ಓಷಿಯಾನೊ ಎಂಬಲ್ಲಿ ತೆಗೆದ ದಿಣ್ಣೆಗಳ ಚಿತ್ರಗಳು ಜಗತ್ಪ್ರಸಿದ್ಧವಾದವು. ಆನ್ಸೆಲ್ ಆಡಮ್ಸ್ ೧೯೪೮ರ ಸುಮಾರಿಗೆ ಡೆತ್ ವ್ಯಾಲಿಯೆಂಬ ಮರುಭೂಮಿಯಲ್ಲಿ ಸೂರ್ಯೋದಯದ ದಿಣ್ಣೆಯೊಂದನ್ನು ಹಿಡಿದರು. ಈ ಚಿತ್ರಗಳಲ್ಲಿ ಮನುಷ್ಯನಿಲ್ಲ, ಮನೆಯಿಲ್ಲ, ಕಥೆಯಿಲ್ಲ. ಒಂದು ಮೈ ಬೆಳಕು, ಒಂದು ಮೈ ನೆಳಲು, ನಡುವೆ ಒಂದು ಗೆರೆ, ಅಷ್ಟೆ. ಆ ಗೆರೆ ಹೊತ್ತು ಏರಿದಂತೆ ಮಾಯವಾಗುವುದರಿಂದ ಅದನ್ನು ಹಿಡಿಯಬೇಕೆನ್ನುವವನು ಕತ್ತಲಲ್ಲೇ ಎದ್ದು ಹೋಗಿ ಕಾಯಬೇಕು. ವೆಸ್ಟನ್ನರ ಬಾಳಿನ ಕೊನೆಯ ಭಾಗವನ್ನು ಕುರಿತು ತಂದೆಯವರು ಮಕ್ಕಳಿಗೆ ರೈಲಿನಲ್ಲಿ ಹೇಳಿದರು. ಪಾರ್ಕಿನ್ಸನ್ ರೋಗದಿಂದ ಕೈ ನಡುಗಲಾರಂಭಿಸಿ, ೧೯೪೮ರ ಅನಂತರ ಅವರು ಹೊಸ ಚಿತ್ರ ತೆಗೆಯಲಾಗಲಿಲ್ಲ. ಆಗ ಮಗ ಬ್ರೆಟ್ ತಂದೆಯ ಕಣ್ಗಾವಲಿನಲ್ಲಿ ನೂರಾರು ನೆಗೆಟಿವ್‌ಗಳಿಂದ ಪ್ರತಿಗಳನ್ನು ಮಾಡಿಕೊಟ್ಟ. ಕಣ್ಣು ಒಬ್ಬರದು, ಕೈ ಇನ್ನೊಬ್ಬರದು. ಈ ಸಂಗತಿಯನ್ನು ತಂದೆಯವರು ಸುಮ್ಮನೆ ಹೇಳಿದ್ದಲ್ಲವೆಂದು ನನಗೆ ಗೊತ್ತಿತ್ತು.

ಅವರಿಗೆ ಗ್ಲಾಕೋಮಾ. ಹೆಚ್ಚಿನವರಲ್ಲಿ ಕಣ್ಣಿನೊಳಗಿನ ಒತ್ತಡದಿಂದ ನೇತ್ರನರ ಸವೆಯುತ್ತ ಹೋಗುವ ಈ ರೋಗದಲ್ಲಿ ನೋಟ ಸಾಮಾನ್ಯವಾಗಿ ಅಂಚಿನಿಂದ ಕಿರಿದಾಗುತ್ತ ಬರುತ್ತದೆ. ನಡುವಿನ ನೋಟ ಬಹುಕಾಲ ಉಳಿದಿರುವುದರಿಂದ ರೋಗಿಗೆ ತನ್ನ ನಷ್ಟದ ಅರಿವೇ ಆಗುವುದಿಲ್ಲ. ಹೋದದ್ದು ಮರಳಿ ಬರುವಂತಿಲ್ಲ; ಇರುವುದನ್ನು ಔಷಧದ ಹನಿಗಳಿಂದ ಕಾಪಾಡಿಕೊಳ್ಳಬಹುದು. ತಂದೆಯವರು ಈಗಲೂ ಪತ್ರಿಕೆಯ ಸಣ್ಣಕ್ಷರವನ್ನು ಓದುತ್ತಾರೆ, ಆದರೆ ಪಕ್ಕದಲ್ಲಿಟ್ಟ ಕಾಫಿಯ ಲೋಟವನ್ನು ಕಾಣದೆ ಉರುಳಿಸುತ್ತಾರೆ. ಎದುರಿಗಿರುವವರ ಮುಖ ಸ್ಪಷ್ಟ. ಕಾಲಿನ ಕೆಳಗಿನ ಮೆಟ್ಟಿಲು ಇಲ್ಲ. ಮೂರು ತಿಂಗಳಿಗೊಮ್ಮೆ ವೈದ್ಯರು ತೋರಿಸುವ ನಕ್ಷೆಯಲ್ಲಿ ಕಪ್ಪು ಭಾಗ ಬೆಳೆಯುತ್ತಿತ್ತು. ಇನ್ನೆರಡು ವರ್ಷ ಬಿಟ್ಟು ಹೋಗೋಣವೆಂದರೆ ಅವರು ನೋಡುವುದು ಏನನ್ನು?

ಮನೆಯಲ್ಲಿ ವಾದವಾಯಿತು. ನನ್ನ ಹೆಂಡತಿಯೂ ನಾನೂ ಒಂದು ಕಡೆ, ತಾತ ಮೊಮ್ಮಕ್ಕಳು ಇನ್ನೊಂದು ಕಡೆ. ಗುರುತಿಲ್ಲದ ನೆಲ, ಏರು ಇಳಿವು, ಬಿಸಿಲು ಎಂದು ನಾನು ಒಂದೊಂದಾಗಿ ಹೇಳಿದೆ. "ನಮ್ಮ ಬೀದೀಲಿ ಪಕ್ಕದಿಂದ ಸ್ಕೂಟರ್ ಬರುತ್ತಪ್ಪ, ಮರಳಿನಲ್ಲಿ ಏನು ಬರುತ್ತೆ?" ಎಂದರು ತಂದೆಯವರು. "ಬಿದ್ದರೂ ಮೆತ್ತಗೆ" ಎಂದು ಒಂಬತ್ತು ವರ್ಷದ ಮಗ ಸೇರಿಸಿದ. ಹದಿಮೂರರ ಮಗಳು ಮಾತ್ರ ಏನೂ ಹೇಳದೆ, ತಾತನ ಎಡಗಡೆಗೆ ತಾನು, ಬಲಗಡೆಗೆ ತಮ್ಮ ನಡೆಯುವುದೆಂದು ಆಗಲೇ ತೀರ್ಮಾನಿಸಿದ್ದಳು. ಹನಿಯ ಸೀಸೆ ಶಾಖಕ್ಕೆ ಕೆಡದಂತೆ ಫ್ಲಾಸ್ಕಿನಲ್ಲಿಟ್ಟು ಕಾಯುವ ಅಧಿಕಾರ ಮಗನ ಪಾಲಿಗೆ ಬಂತು. ಆ ಅಧಿಕಾರವನ್ನು ಅವನು ಚಲಾಯಿಸಿದ ರೀತಿಯನ್ನು ಕಂಡರೆ ಯಾವ ಉಗ್ರಾಣಿಯೂ ನಾಚಬೇಕು. ರಾತ್ರಿ ಒಂಬತ್ತಕ್ಕೆ ಒಂದು ನಿಮಿಷ ಹೆಚ್ಚುಕಡಿಮೆಯಾಗಲಿಲ್ಲ.

ಇನ್ನು ಕ್ಯಾಮರಾ. ೧೯೬೭ರಲ್ಲಿ, ಕಾಲೇಜಿನ ದಿನಗಳಲ್ಲಿ, ತಂದೆಯವರು ಆಗ್ಫಾ ಕ್ಲಿಕ್ ಎಂಬ ಅಗ್ಗದ ಪೆಟ್ಟಿಗೆಯಿಂದ ತಲಕಾಡಿನ ಮರಳನ್ನು ತೆಗೆದದ್ದೇ ಅವರ ಮೊದಲ ಚಿತ್ರ. ಅನಂತರ ಅಂಚೆ ಇಲಾಖೆಯ ಸಂಬಳದಲ್ಲಿ ಉಳಿಸಿ ಕೊಂಡದ್ದು ಎರಡು ಮಸೂರಗಳ ಯಾಷಿಕಾ. ಮಕ್ಕಳ ಭಾಷೆಯಲ್ಲಿ 'ಎರಡು ಕಣ್ಣಿನ ಡಬ್ಬಿ'. ಮೇಲಿನ ಕಣ್ಣು ನೋಡುವುದಕ್ಕೆ, ಕೆಳಗಿನದು ಫಿಲ್ಮಿಗೆ. ಇದನ್ನು ಮುಖಕ್ಕೆ ಹಿಡಿಯುವುದಿಲ್ಲ. ಹೊಟ್ಟೆಯ ಮಟ್ಟದಲ್ಲಿ ಹಿಡಿದು, ತಲೆ ಬಾಗಿಸಿ, ಮೇಲಿನ ಗಾಜಿನ ಮೇಲೆ ಬಿದ್ದ ಬಿಂಬವನ್ನು ನೋಡಬೇಕು. ಇಡೀ ದಿಗಂತ ಅಲ್ಲಿ ಅಂಗೈಯಗಲಕ್ಕಿಂತ ಚಿಕ್ಕ ಚೌಕವಾಗಿ ಕುಳಿತಿರುತ್ತದೆ. ನೋಟ ಕಿರಿದಾದವರಿಗೆ ಇದೊಂದು ವರ. ಕಣ್ಣೆತ್ತಿದರೆ ಒಂದು ದಿಣ್ಣೆಯ ಕಾಲುಭಾಗವನ್ನಷ್ಟೇ ಕಾಣುವ ತಂದೆಯವರು, ತಲೆ ತಗ್ಗಿಸಿದರೆ ಇಡೀ ದಿಣ್ಣೆಯನ್ನು ಅದರ ಆಕಾಶದೊಡನೆ ಕಾಣುತ್ತಿದ್ದರು. ಒಂದೇ ತೊಡಕೆಂದರೆ ಆ ಬಿಂಬದಲ್ಲಿ ಎಡಬಲಗಳು ಅದಲುಬದಲು. ಒಂದು ಸುರುಳಿಗೆ ಹನ್ನೆರಡೇ ಚಿತ್ರ.

ಮೂರು ದಿನದ ರೈಲುಪ್ರಯಾಣದ ಮೇಲೆ ಜೈಸಲ್ಮೇರ್. ಅಲ್ಲಿಂದ ಪಶ್ಚಿಮಕ್ಕೆ ಸುಮಾರು ೪೦ ಕಿಲೋಮೀಟರ್ ಹೋದರೆ ಸಮ್ ಎಂಬ ಹಳ್ಳಿ. ಅದರ ದಿಣ್ಣೆಗಳ ಸಂಜೆಯನ್ನು ಕುರಿತು ಹೆಚ್ಚು ಹೇಳಲಾರೆ. ಒಂಟೆ, ಜೀಪು, ಡೋಲು, ಧ್ವನಿವರ್ಧಕ. ಮರಳಿಗಿಂತ ಜನ ಹೆಚ್ಚು. ಬೆಳಗಿನ ಜಾವ ಆ ಜನವೆಲ್ಲ ಡೇರೆಗಳಲ್ಲಿ ನಿದ್ರೆಹೋಗುವುದರಿಂದ ಮರುಭೂಮಿ ತನ್ನ ಯಜಮಾನಿಕೆಯನ್ನು ಮತ್ತೆ ಪಡೆಯುತ್ತದೆ. ನಾವು ಗುಂಪಿನ ಜಾಗದಿಂದ ದೂರ, ಹೆಜ್ಜೆಗುರುತು ಬೀಳದ ಒಂದು ಸಾಲನ್ನು ಹಿಂದಿನ ಸಂಜೆಯೇ ಗೊತ್ತುಮಾಡಿಕೊಂಡಿದ್ದೆವು. ಯಾವ ಕಡೆಯಿಂದ ಹತ್ತಿದರೆ ನಮ್ಮ ಹೆಜ್ಜೆಗಳು ಚಿತ್ರದೊಳಗೆ ಬರುವುದಿಲ್ಲ ಎಂಬುದನ್ನು ತಂದೆಯವರು ಮರಳಿನ ಮೇಲೆ ಕೋಲಿನಿಂದ ಬರೆದು ಮಕ್ಕಳಿಗೆ ತೋರಿಸಿದರು. ಮಗಳು ತನ್ನ ಮೊಬೈಲಿನಲ್ಲಿ ಸೂರ್ಯೋದಯದ ಗಳಿಗೆಯನ್ನೂ ದಿಕ್ಕನ್ನೂ ಹೇಳಿದಳು. ಈಗಿನ ಮಕ್ಕಳ ಕೈಯಲ್ಲಿರುವ ಯಂತ್ರವನ್ನು ಹಳಿಯುವುದು ಲೇಖಕರಿಗೆ ಒಂದು ಚಟವಾಗಿದೆ; ಅಂದು ಆ ಯಂತ್ರವಿಲ್ಲದಿದ್ದರೆ ನಾವು ತಪ್ಪು ದಿಣ್ಣೆಯ ಮೇಲೆ ನಿಂತಿರುತ್ತಿದ್ದೆವು.

ದಿಣ್ಣೆ ಹೇಗಾಗುತ್ತದೆಂಬುದನ್ನು ನಾನು ಹೋಗುವ ಮೊದಲೇ ಓದಿಕೊಂಡಿದ್ದೆ. ರಾಲ್ಫ್ ಬ್ಯಾಗ್ನೋಲ್ಡ್ ಎಂಬ ಇಂಗ್ಲಿಷ್ ಸೈನಿಕ ಎಂಜಿನಿಯರರು ಲಿಬಿಯಾದ ಮರುಭೂಮಿಯಲ್ಲಿ ಮೋಟಾರಿನಲ್ಲಿ ಅಲೆದು, ಊರಿಗೆ ಮರಳಿ ಗಾಳಿಯ ಸುರಂಗವೊಂದರಲ್ಲಿ ಪ್ರಯೋಗ ಮಾಡಿ, ೧೯೪೧ರಲ್ಲಿ ಈ ವಿಷಯವಾಗಿ ಗ್ರಂಥ ಬರೆದರು. ಅವರ ಪ್ರಕಾರ ಮರಳು ಧೂಳಿನಂತೆ ಹಾರುವುದಿಲ್ಲ, ಜಿಗಿಯುತ್ತದೆ. ಒಂದು ಕಣ ಗಾಳಿಗೆ ಎದ್ದು, ಮುಂದೆ ಬಿದ್ದು, ಬಿದ್ದ ಪೆಟ್ಟಿಗೆ ಇನ್ನಷ್ಟು ಕಣಗಳನ್ನು ಎಬ್ಬಿಸುತ್ತದೆ. ಹೆಚ್ಚಿನವು ಮಂಡಿಯ ಮಟ್ಟವನ್ನು ದಾಟುವುದಿಲ್ಲ. ಆದಕಾರಣ ಗಾಳಿ ಬೀಸಿದಾಗಲೆಲ್ಲ ನನ್ನ ಮಗ ಕಾಲುರಿಯೆಂದು ಕುಣಿಯುತ್ತಿದ್ದರೆ ತಾತನ ಕ್ಯಾಮರಾ ಸೊಂಟದೆತ್ತರದಲ್ಲಿ ಕ್ಷೇಮವಾಗಿತ್ತು. ಗಾಳಿಗೆ ಎದುರಾದ ಮೈ ನಿಧಾನವಾಗಿ ಏರುತ್ತದೆ. ತುದಿಯಲ್ಲಿ ಕೂಡಿದ ಕಣಗಳು ಭಾರ ಹೆಚ್ಚಾದಾಗ ಆಚೆಯ ಮೈಯಲ್ಲಿ ಜಾರಿಬೀಳುತ್ತವೆ. ಒಣಮರಳು ಎಷ್ಟು ಕಡಿದಾಗಿ ನಿಲ್ಲಬಲ್ಲದೆಂಬುದಕ್ಕೆ ಒಂದು ಮಿತಿಯಿದೆ. ಅದು ಸುಮಾರು ೩೨ರಿಂದ ೩೪ ಡಿಗ್ರಿ. ಇದನ್ನು ಹೇಳಿದ್ದೇ ತಡ, ಮಗ ತನ್ನ ಶಾಲೆಯ ಪೆಟ್ಟಿಗೆಯಿಂದ ಕೋನಮಾಪಕವನ್ನು ತೆಗೆದು, ದಾರಕ್ಕೆ ರಬ್ಬರನ್ನು ಕಟ್ಟಿ ತೂಗುಬಿಟ್ಟು, ಸಿಕ್ಕ ದಿಣ್ಣೆಗಳನ್ನೆಲ್ಲ ಅಳೆಯತೊಡಗಿದ.

ಈಗ ಆ ಬೆಳಗಿನ ವಿಚಾರ. ಸೂರ್ಯ ಹುಟ್ಟುವುದಕ್ಕೆ ಇನ್ನೂ ಅರ್ಧ ಗಂಟೆಯಿತ್ತು. ಆ ಹೊತ್ತಿನ ಬೆಳಕಿಗೆ ನೆಳಲಿಲ್ಲ. ಮರಳೆಲ್ಲ ಒಂದೇ ಬಣ್ಣ. ಏರೂ ಇಳಿವೂ ಮಟ್ಟವೂ ಒಂದೇ. ಒಳ್ಳೆಯ ಕಣ್ಣಿದ್ದ ನನಗೇ ಮುಂದಿನ ಹೆಜ್ಜೆ ಎಲ್ಲಿ ಊರುತ್ತದೆಂದು ತಿಳಿಯುತ್ತಿರಲಿಲ್ಲ. ಗ್ಲಾಕೋಮಾ ಇದ್ದವರಿಗೆ ಬಣ್ಣ ಬಣ್ಣಗಳ ಅಂತರವೂ ಮಂದವಾಗುತ್ತದೆ. ತಂದೆಯವರು ಎರಡು ಕೈಗಳನ್ನೂ ತುಸು ಅಗಲಿಸಿ, ನದಿಯಲ್ಲಿ ಇಳಿದವರಂತೆ ಹೆಜ್ಜೆ ಇಡುತ್ತಿದ್ದರು. ಮಕ್ಕಳಿಬ್ಬರೂ ಒಂದು ಹೆಜ್ಜೆ ಮುಂದೆ.

ಮೊದಲ ದಿನ ಮಗಳು "ಇಲ್ಲಿ ಹೀಗಿದೆ, ಅಲ್ಲಿ ಹಾಗಿದೆ" ಎಂದು ಕೈ ತೋರಿಸುತ್ತಿದ್ದಳು. "ಹಾಗೆ ಹೀಗೆ ಅಂದರೆ ನನಗೇನು ತಿಳೀತದೆ, ಪುಟ್ಟಿ? ಹೆಸರು ಹೇಳು" ಎಂದು ತಂದೆಯವರು ಗದರಿದ್ದರು. ಹೆಸರುಗಳು ಬೇಕಾದವು. ಏರು, ಇಳಿಜಾರು ಅವಳಿಗೆ ಗೊತ್ತಿತ್ತು. ತಟ್ಟು, ತಗ್ಗು, ಕುಳಿ, ಬೋರೆ ತಾತನಿಂದ ಬಂದವು. ಗಾಳಿ ಮೂಡಿಸಿದ ಸಣ್ಣ ಅಲೆಗಳಿಗೆ ಅವಳೇ ಅಮ್ಮನ ಸೀರೆಯಿಂದ ನೆರಿಗೆಯೆಂಬ ಮಾತನ್ನು ತಂದಳು. ಆ ಊರಿನ ಒಂಟೆಯವರು ದಿಣ್ಣೆಗೆ ಧೋರಾ ಎನ್ನುವುದನ್ನು ಕೇಳಿ ಮಗ ಅದನ್ನೂ ಸೇರಿಸಿದ. ದಿಣ್ಣೆಯ ನೆತ್ತಿಯಲ್ಲಿ, ಏರುವ ಮೈಯೂ ಜಾರುವ ಮೈಯೂ ಕೂಡುವ ಆ ಚೂಪು ಗೆರೆಗೆ ಏನೆನ್ನಬೇಕು? ಅಂಚು ಎಂದರೆ ಸಾಲದು, ಬಟ್ಟೆಗೂ ಅಂಚಿದೆ. ತಂದೆಯವರು ಯೋಚಿಸಿ, "ಏಣು ಅನ್ನು" ಎಂದರು. ಏಣುಕೋಣು ಎಂಬ ಜೋಡಿಯಲ್ಲಿ ಮಾತ್ರ ಇಂದು ನಾವು ಕೇಳುವ ಪದ. ನಾನು ಇಪ್ಪತ್ತು ವರ್ಷಗಳಿಂದ ಕನ್ನಡ ಹೇಳಿಕೊಡುತ್ತಿದ್ದೇನೆ. ಒಂದು ಪದ ಒಬ್ಬ ಮನುಷ್ಯನ ಕಾಲಿಗೆ ಇಷ್ಟು ನೇರವಾಗಿ ಬೇಕಾದುದನ್ನು ಅಲ್ಲಿಯವರೆಗೆ ಕಂಡಿರಲಿಲ್ಲ.

ಬೆಳಗಿನ ಆ ಮಬ್ಬಿನಲ್ಲಿ ನಾವು ಹತ್ತುತ್ತಿದ್ದೆವು. ಮಗ ಕೋನಮಾಪಕದ ಧ್ಯಾನದಲ್ಲಿ ಹಿಂದುಳಿದಿದ್ದ. ತಂದೆಯವರು ಮಾಡಬೇಕಾದ ಚಿತ್ರವನ್ನು ಮನಸ್ಸಿನಲ್ಲಿ ಕಾಣುತ್ತಿದ್ದರೋ ಏನೋ, ನಡಿಗೆ ಚುರುಕಾಯಿತು. ನಾನು ಹತ್ತು ಮಾರು ಕೆಳಗಿದ್ದೆ. ಕೂಗುವುದಕ್ಕೂ ಗಂಟಲು ಏಳಲಿಲ್ಲ.

"ತಾತ, ಏಣು!"

ಅವರು ನಿಂತರು. ಎತ್ತಿದ ಬಲಗಾಲನ್ನು ಹಿಂದಕ್ಕೆ ಇಟ್ಟರು. ಅವರ ಮುಂದೆ ಒಂದು ಗೇಣು ಮರಳು, ಆಚೆಗೆ ಎರಡಾಳು ಎತ್ತರದ ಜಾರು. ಮರಳು ಮೆತ್ತಗಿರಬಹುದು, ಶಸ್ತ್ರಚಿಕಿತ್ಸೆಯಾದ ಮಂಡಿಗೆ ಮೆತ್ತಗೆ ಬೀಳುವುದೆಂಬುದಿಲ್ಲ. ನಾನು ಮೇಲೆ ತಲಪುವ ಹೊತ್ತಿಗೆ ತಾತ ಮೊಮ್ಮಗಳು ಅಲ್ಲಿಯೇ ಕುಳಿತಿದ್ದರು. ಆ ಸಂಗತಿಯ ಮಾತೇ ಆಡದೆ ಅವಳು ಪೂರ್ವದ ಕಡೆಯ ಸಾಲುಗಳನ್ನು ಒಂದೊಂದಾಗಿ ವರ್ಣಿಸುತ್ತಿದ್ದಳು: ಹತ್ತಿರದ್ದು ಬಾಳೆಯೆಲೆಯ ಬೆನ್ನಿನ ಹಾಗೆ, ಅದರಾಚೆಯದಕ್ಕೆ ಎರಡು ಏಣು, ಮೂರನೆಯದರ ಬುಡದಲ್ಲಿ ಪೊದೆ. ತಂದೆಯವರು "ಹೂಂ, ಹೂಂ" ಎನ್ನುತ್ತ ಕ್ಯಾಮರಾದ ಮುಚ್ಚಳ ತೆರೆಯುತ್ತಿದ್ದರು.

ಆರೂವರೆ ದಾಟಿ ಸೂರ್ಯ ಕಂಡ. ಮೊದಲ ಕಿರಣ ಅಡ್ಡವಾಗಿ ಬಿದ್ದಾಗ ಆದದ್ದನ್ನು ಹೇಗೆ ಹೇಳಲಿ? ಅಲ್ಲಿಯವರೆಗೆ ಬೂದಿಬಣ್ಣದ ಹಾಳೆಯಾಗಿದ್ದ ನೆಲದಲ್ಲಿ ಒಂದೊಂದು ನೆರಿಗೆಗೂ ತನ್ನದೇ ನೆಳಲು ಬಂತು. ಏಣುಗಳೆಲ್ಲ ಒಮ್ಮೆಗೇ ಎದ್ದು ನಿಂತವು. ಈ ಕ್ಷಣದಲ್ಲಿ ತಂದೆಯವರಿಗೆ ಯಾರ ಸಹಾಯವೂ ಬೇಕಿರಲಿಲ್ಲ. ಬೆಳಕೇ ಅವರಿಗೆ ಹೇಳುತ್ತಿತ್ತು. ಆದರೂ ಅವರು ಅವಸರಪಡಲಿಲ್ಲ. ಬೆಳಕಿನ ಮಾಪಕ ಮರಳಿನ ಬಿಳುಪಿಗೆ ಮೋಸಹೋಗುತ್ತದೆ. ಅದು ಹೇಳಿದಂತೆ ತೆಗೆದರೆ ಹೊನ್ನಿನಂಥ ಮರಳು ಕೊಳೆಬಟ್ಟೆಯಾಗಿ ಬರುತ್ತದೆ. ಅದು ಹೇಳಿದ್ದರ ಎರಡರಷ್ಟು, ಕೆಲವೊಮ್ಮೆ ತುಸು ಮೇಲೆ, ಬೆಳಕು ಕೊಡಬೇಕು ಎಂದು ಮೊಮ್ಮಗನಿಗೆ ವಿವರಿಸುತ್ತ ಕುಳಿತರು. ನನಗೋ ಚಡಪಡಿಕೆ. ಮಕ್ಕಳಿಗೆ ಅದು ಇರಲಿಲ್ಲ. ಬೇಡಿದ ಕಥೆಯನ್ನು ನಾಳೆ ಎನ್ನದೆ ಈಗಲೇ ಹೇಳುವ ಹಿರಿಯರ ಜೊತೆಯಲ್ಲಿ ಕಾಯುವುದು ಮಕ್ಕಳಿಗೆ ಬೇಸರವಲ್ಲ. ನಡುವಯಸ್ಸಿನ ನಮಗೇ ಅದು ಬಾರದ ವಿದ್ಯೆ. ಮೂವತ್ತು ನಿಮಿಷದಲ್ಲಿ ಅವರು ತೆಗೆದದ್ದು ನಾಲ್ಕು ಚಿತ್ರ. ಬಲಕ್ಕೆ ತಿರುಗಿಸಬೇಕಾದಾಗ ಮಗಳು "ಎಡಕ್ಕೆ" ಎನ್ನುತ್ತಿದ್ದಳು. ಗಾಜಿನೊಳಗಿನ ಬಿಂಬದ ಎಡಬಲ ಅವಳಿಗೆ ಅಷ್ಟರಲ್ಲಿ ಕರಗತವಾಗಿತ್ತು.

ಮಗ ಕಂಡದ್ದು ಬೇರೆ ಪ್ರಪಂಚ. ಅವನು ಮರಳಿನ ಮೇಲೆ ಬಗ್ಗಿ, ಕರಿಯ ಜೀರುಂಡೆಯೊಂದು ರಾತ್ರಿಯೆಲ್ಲ ನಡೆದ ಜಾಡನ್ನು ಹಿಡಿದು ಹೋದ. ಎರಡು ಸಾಲು ಹೊಲಿಗೆ ಹಾಕಿದಂತೆ ಆ ಗುರುತು ದಿಣ್ಣೆಯನ್ನು ಬಳಸಿ ಫೋಗ್ ಎಂಬ ಪೊದೆಯ ಬುಡದಲ್ಲಿ ಮುಗಿದಿತ್ತು. ತಾತನಿಗೆ ಜಾಡು ಕಾಣದು. ಅವರ ತೋರುಬೆರಳನ್ನು ಹಿಡಿದು ಅವನು ಗುರುತಿನ ಪಕ್ಕಪಕ್ಕದಲ್ಲಿ ಗೀಚಿ ತೋರಿಸಿದ. ಅದರ ಚಿತ್ರ ತೆಗೆಯಲಿಲ್ಲ.

ಹೊತ್ತೇರಿದ ಮೇಲೆ ದಿಣ್ಣೆಗಳಲ್ಲಿ ಕೆಲಸವಿಲ್ಲ. ಶಾಖ ೩೫ ಡಿಗ್ರಿ ದಾಟಿತು, ನೆಳಲುಗಳು ಸುಟ್ಟುಹೋದವು. ಅಂದು ವಿಜಯದಶಮಿ. ಊರಿನಲ್ಲಿ ಜಂಬೂಸವಾರಿ, ಇಲ್ಲಿ ನಾವು ನಾಲ್ವರು ರಸ್ತೆಯ ಪಕ್ಕದ ಒಂದು ಖೇಜಡಿ ಮರದ ಕೆಳಗೆ ರೊಟ್ಟಿ ತಿನ್ನುತ್ತಿದ್ದೆವು. ಮರವನ್ನು ಮುಟ್ಟಿ, ಎಲೆಯನ್ನು ಬೆರಳಲ್ಲಿ ಹೊಸೆದು, "ಇದು ಬನ್ನಿ ಕಣೋ" ಎಂದರು ತಂದೆಯವರು. ನಿಜ, ಸಂಸ್ಕೃತದ ಶಮೀ, ಕನ್ನಡದ ಬನ್ನಿ, ರಾಜಸ್ಥಾನದ ಖೇಜಡಿ ಒಂದೇ ಮರ. ಅದು ಆ ರಾಜ್ಯದ ರಾಜ್ಯವೃಕ್ಷ. ಜೋಧಪುರದ ಬಳಿಯ ಖೇಜಡ್ಲಿಯಲ್ಲಿ ೧೭೩೦ರಲ್ಲಿ ಬಿಷ್ಣೋಯಿ ಜನರು ಆ ಮರಗಳನ್ನು ಉಳಿಸಲು ಪ್ರಾಣ ಕೊಟ್ಟರು. ಮಕ್ಕಳು ಉದುರಿದ ಎಲೆಗಳನ್ನು ಆಯ್ದು ತಾತನ ಕೈಗಿಟ್ಟು ನಮಸ್ಕರಿಸಿದರು. ಒಂಟೆಯವನು ಕಾರಣ ಕೇಳಿದ. ನನ್ನ ಹರಕು ಹಿಂದಿಯಲ್ಲಿ ಪಾಂಡವರ ಆಯುಧಗಳ ಕಥೆಯನ್ನು ಹೇಳಿದೆ. ಅದು ಅವನಿಗೂ ಗೊತ್ತಿತ್ತು.

ಥಾರ್ ಸತ್ತ ನೆಲವಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಅದರ ಹಳೆಯ ದಿಣ್ಣೆಗಳಲ್ಲಿ ಹೆಚ್ಚಿನವು ಸೇವಣ್ ಹುಲ್ಲಿನಿಂದ, ಪೊದೆಗಳಿಂದ ಕಟ್ಟುಬಿದ್ದು ನಿಂತಿವೆ. ಚಲಿಸುವ ದಿಣ್ಣೆಗಳನ್ನು ಬೇಲಿ ಹಾಕಿ, ಗಿಡ ನೆಟ್ಟು ನಿಲ್ಲಿಸುವ ಕ್ರಮವನ್ನು ಜೋಧಪುರದ ಕೇಂದ್ರೀಯ ಶುಷ್ಕಪ್ರದೇಶ ಸಂಶೋಧನ ಸಂಸ್ಥೆ ೧೯೫೦ರ ದಶಕದಿಂದ ರೂಢಿಸಿತು. ೧೯೫೮ರಲ್ಲಿ ಕೆಲಸ ಆರಂಭವಾದ ರಾಜಸ್ಥಾನ ಕಾಲುವೆ, ಈಗಿನ ಇಂದಿರಾಗಾಂಧಿ ಕಾಲುವೆ, ಹಿಮಾಲಯದ ನೀರನ್ನು ಜೈಸಲ್ಮೇರ್ ಜಿಲ್ಲೆಗೆ ತಂದಿದೆ. ಚಿತ್ರಗಾರನಿಗೆ ಪ್ರಿಯವಾದ ಬೆತ್ತಲೆ ದಿಣ್ಣೆ ರೈತನಿಗೆ ಶತ್ರು. ತಲಕಾಡನ್ನು ಬಲ್ಲ ಕನ್ನಡಿಗನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡು ಸುರುಳಿ ಮುಗಿಸಿ ಊರಿಗೆ ಬಂದೆವು. ಇಪ್ಪತ್ತನಾಲ್ಕರಲ್ಲಿ ತಂದೆಯವರಿಗೆ ಒಪ್ಪಿಗೆಯಾದದ್ದು ಮೂರು. ಒಂದರಲ್ಲಿ ಮಗನ ನೆಳಲು ಮೂಲೆಯಲ್ಲಿ ನುಗ್ಗಿದೆ. ಅದನ್ನು ಅವರು ಕಂಡಿರಲಿಲ್ಲ, ಕಂಡ ಮೇಲೂ ಕತ್ತರಿಸಲು ಬಿಡಲಿಲ್ಲ. ಮುಂದಿನ ನಕ್ಷೆಯಲ್ಲಿ ಕಪ್ಪು ಭಾಗ ಬೆಳೆದಿರಲಿಲ್ಲ. ಅದಕ್ಕೆ ಕಾರಣ ಹನಿ, ಮರಳಲ್ಲ.

ಜನವರಿಯ ಒಂದು ಭಾನುವಾರ ಮಗನ ಒತ್ತಾಯಕ್ಕೆ ತಲಕಾಡಿಗೆ ಹೋದೆವು. ಕಾವೇರಿಯ ತಿರುವಿನಲ್ಲಿ ನದಿ ತಂದ ಮರಳನ್ನು ಗಾಳಿ ಊರಿನ ಮೇಲೆ ಒಟ್ಟಿದ ಆ ದಿಬ್ಬಗಳಿಗೂ ಅದೇ ಕೋನವಿರಬೇಕೆಂಬುದು ಅವನ ವಾದ. ಅಲಮೇಲಮ್ಮನ ಶಾಪದ ಕಥೆಯನ್ನು ಹೇಳಿದರೆ, "ಶಾಪ ಆದರೂ ಡಿಗ್ರಿ ಬದಲಾಗೋದಿಲ್ಲ" ಎಂದ. ಪಾತಾಳೇಶ್ವರನ ಗುಡಿಗೆ ಇಳಿಯುವ ದಾರಿಯ ಪಕ್ಕದಲ್ಲಿ ಒಣಮರಳು ಜಾರಿದ ಕಡೆ ಮೂರು ಸಲ ಅಳೆದು ೩೩, ೩೨, ೩೩ ಎಂದು ಬರೆದುಕೊಂಡ. ಮಗಳು ತಾತನಿಗೆ ಸುತ್ತಲಿನದನ್ನು ಹೇಳುತ್ತಿದ್ದಳು: ಮೇಲೆ ನೀಲಗಿರಿ ಮರ, ಕೆಳಗೆ ತಗ್ಗು, ಏಣು ಇಲ್ಲ, ಜನ ತುಳಿದುಬಿಟ್ಟಿದ್ದಾರೆ. ಆಗ ಹತ್ತು ಗಂಟೆ. ತಂದೆಯವರು ಒಮ್ಮೆ ಗಾಜಿನೊಳಗೆ ನೋಡಿ ಮುಚ್ಚಳ ಹಾಕಿದರು. ಬೆಳಕು ನೆತ್ತಿಗೆ ಬರುತ್ತಿದೆ, ಜನ ತುಳಿಯುವ ಮೊದಲೇ ಬರಬೇಕು ಎಂದರು. ಹಿಂದಿರುಗುವಾಗ ಮಗ ಬಸ್ಸಿನ ಕಂಡಕ್ಟರರನ್ನು ಮೈಸೂರಿನಿಂದ ಬೆಳಗಿನ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುತ್ತಿದ್ದ.